ಕನಸಿಗೂ ಮೂಗಿದೆ

ಮಾರ್ಚ್ 3, ಸೋಮವಾರ. ಬೆಳಿಗ್ಗೆ

ಲ್ಯಾಬಿಗೆ ಹೊರಡಲು ಇನ್ನೂ ಸ್ವಲ್ಪ ಹೊತ್ತಿದೆ. ಜಡ್ಜ್ ಸಾಹೇಬರ ಮೇಲ್ದವಡೆಯ ಹಲ್ಲುಸೆಟ್ ಶನಿವಾರ ಪಾಲಿಶ್ ಮಾಡುವಾಗ ಬಿರುಕು ಬಿಟ್ಟಿತು. ಇವತ್ತು ಮತ್ತೆ ಮೊದಲಿಂದ — ಅಚ್ಚು, ಮೇಣ, ಹಲ್ಲು ಜೋಡಿಸುವುದು. ಪಾಪ, ಇನ್ನೊಂದು ವಾರ ಮೆತ್ತಗಿನದನ್ನೇ ನುಂಗಿಕೊಂಡು ಇರಬೇಕು. ಊರಿನ ಕಳ್ಳರನ್ನೆಲ್ಲ ಜೈಲಿಗೆ ಕಳಿಸಿದವರು ನನಗೆ ಏನು ಶಿಕ್ಷೆ ಕೊಡುತ್ತಾರೋ.

ಅಪ್ಪ ವಾಕಿಂಗಿಗೆ ಹೋದ. ಹೆಗಲ ಮೇಲೆ ಟವೆಲ್. ಅದೆಷ್ಟು ಬೆವರುತ್ತಾನೋ ಈ ಮನುಷ್ಯ.

ಇದನ್ನು ಬರೆಯಲೇಬೇಕು, ಇಲ್ಲದಿದ್ದರೆ ಬಸ್ ಹತ್ತುವಷ್ಟರಲ್ಲಿ ಮರೆತುಹೋಗುತ್ತದೆ. ಕನಸು. ಅಡುಗೆಮನೆಯ ಗೋಡೆಯಲ್ಲಿ ಒಂದು ಬಾಗಿಲು. ಪುಟ್ಟದು, ಬಗ್ಗಿ ಹೋಗಬೇಕು. ಇಷ್ಟು ವರ್ಷ ಇದೇ ಮನೆಯಲ್ಲಿದ್ದೂ ನೋಡಿರಲಿಲ್ಲವಲ್ಲ ಅನ್ನಿಸಿತು. ಒಳಗೆ ಇನ್ನೊಂದು ಕೋಣೆ! ತುಂಬ ಬಿಸಿಲು. ಸಾಮಾನು ಏನೂ ಇಲ್ಲ. ಯಾರೋ ಕಿಲಕಿಲ ನಗುತ್ತಿದ್ದಾರೆ, ಕಾಣಿಸುತ್ತಿಲ್ಲ. ಎದ್ದಾಗ ಎಷ್ಟು ಸಂತೋಷ ಅಂದರೆ ಎದ್ದು ಹೋಗಿ ಗೋಡೆ ಮುಟ್ಟಿ ನೋಡಿದೆ. ಗೋಡೆ ಗೋಡೆಯೇ. ಆದರೂ ಸಂತೋಷ ಹೋಗಿಲ್ಲ, ಈಗಲೂ ಇದೆ.

ಬಸ್ಸಿಗೆ ಹೊತ್ತಾಯಿತು.

ಮಾರ್ಚ್ 5, ಬುಧವಾರ

ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟ ಬಂದರೆ ಬರಲಿ.

ಮಧ್ಯಾಹ್ನ ಮೇಣ ಕಾಯಿಸುತ್ತಿದ್ದೆ. ಲ್ಯಾಬಿನ ಬಾಗಿಲಲ್ಲಿ ತಂಗಿ. ಅವಳು ಇಲ್ಲಿಗೆ ಬಂದವಳೇ ಅಲ್ಲ, ಹಲ್ಲಿನ ಸಾಲು ನೋಡಿದರೆ ಹೆದರುತ್ತಾಳೆ. ಮುಖ ಕೆಂಪಾಗಿತ್ತು. ಯಾರಿಗೋ ಏನೋ ಆಯಿತು ಅಂತ ನನ್ನ ಜೀವ ಬಾಯಿಗೆ ಬಂತು.

"ಅಕ್ಕಾ, ಮೊದಲು ಕೈ ತೊಳ್ಕೊಂಡು ಬಾ."

"ಏನಾಯ್ತು ಹೇಳೇ!"

"ಕೈ ತೊಳ್ಕೊಂಡು ಬಾ ಅಂದ್ನಲ್ಲ. ಆ ಪ್ಲಾಸ್ಟರ್ ಕೈಯಲ್ಲಿ ನನ್ನ ಮುಟ್ಟಬೇಡ. ನಾನೀಗ ಒಬ್ಬಳಲ್ಲ."

ನನಗೆ ಅರ್ಥವಾಗುವುದರೊಳಗೆ ಆಚೆ ಕೋಣೆಯ ಕ್ಲಿನಿಕ್ಕಿನಿಂದ ನಮ್ಮ ಹಲ್ಲಿನ ಡಾಕ್ಟರಮ್ಮ ಕೂಗಿದರು — "ದಡ್ಡಿ, ಬಸುರಿ ಅಂತಿದ್ದಾಳೆ ಕಣೇ!" ಅವರ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದ ಪೇಷೆಂಟ್ ಕೂಡ ಏನೋ ಅಂದ. ಶುಭಾಶಯವೇ ಇರಬೇಕು.

ತಂಗಿಗೆ ಮದುವೆಯಾಗಿ ಅಷ್ಟು ವರ್ಷ ಆಗಿತ್ತು. ಗಂಡ ಹೆಂಡತಿ ಇಬ್ಬರೂ ಆಸೆ ಬಿಟ್ಟು, ಬಿಟ್ಟಿದ್ದೇವೆ ಅಂತ ನಗುತ್ತಾ ಹೇಳುವುದನ್ನೂ ಕಲಿತಿದ್ದರು. ಅಪ್ಪಿಕೊಂಡು ಅತ್ತೆವು, ನಕ್ಕೆವು. ಆಮೇಲೆ ನನಗೆ ಥಟ್ಟನೆ ಹೊಳೆಯಿತು — ಕೋಣೆ! ಪುಟ್ಟ ಬಾಗಿಲು! ನಗು!

ಹೇಳಿದೆ. ತಂಗಿ ತೋಳು ಚಾಚಿ ತೋರಿಸಿದಳು. ರೋಮವೆಲ್ಲ ಎದ್ದು ನಿಂತಿತ್ತು.

ಮಾರ್ಚ್ 9, ಭಾನುವಾರ

ಎಕ್ಸ್‌ಚೇಂಜ್ ಅತ್ತೆ ಬಂದಿದ್ದರು. ಅಪ್ಪನ ಅಕ್ಕ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ರಿಟೈರ್ ಆದವರು, ಕೆಲಸ ಮಾತ್ರ ಇನ್ನೂ ಬಿಟ್ಟಿಲ್ಲ. ಅವರ ಬಾಯಲ್ಲಿ ಎಳ್ಳುಕಾಳೂ ನೆನೆಯುವುದಿಲ್ಲ. ನನ್ನ ಕನಸು ಆಗಲೇ ನೆಂಟರಿಷ್ಟರ ಮನೆಗಳನ್ನೆಲ್ಲ ಸುತ್ತಿ ಬಂದಿದೆ.

ನನ್ನನ್ನು ಕೂರಿಸಿಕೊಂಡು ವಿಚಾರಣೆ. ಯಾವ ಬಣ್ಣದ ಬಾಗಿಲು? ಯಾವ ಕಡೆಗೆ ತೆರೆಯಿತು? ಮೊದಲೂ ಹೀಗೆ ಕಂಡದ್ದುಂಟಾ?

"ಹಲ್ಲು ಬಿದ್ದ ಹಾಗೆ ಏನಾದ್ರೂ ಕನಸು ಬೀಳುತ್ತಾ? ಅದು ಒಳ್ಳೇದಲ್ಲ."

"ದಿನಾ ಬೀಳುತ್ತೆ ಅತ್ತೆ. ಸಂಬಳ ಕೊಡೋದೇ ಅದಕ್ಕೆ."

ಅವರು ನಗಲಿಲ್ಲ. ಅವರ ಅಜ್ಜಿಗೂ ಹೀಗೇ ಇತ್ತಂತೆ. ಮನೆಗೆ ಯಾರು ಬರುತ್ತಾರೆ, ಯಾರು ಹೋಗುತ್ತಾರೆ ಎಲ್ಲ ಮೊದಲೇ ಕಾಣುತ್ತಿತ್ತಂತೆ. "ಎರಡು ತಲೆಮಾರು ಬಿಟ್ಟು ಬರುತ್ತೆ ಅದು. ನಿನಗೆ ಬಂದಿದೆ."

ಅಪ್ಪ ಪೇಪರಿನ ಹಿಂದಿನಿಂದ — "ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋಯ್ತು ಅಷ್ಟೇ."

ಇರಬಹುದು. ಆದರೆ... ಮೂವತ್ತೇಳು ವರ್ಷ ನನಗೆ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. ಹಾಡು ಬರುವುದಿಲ್ಲ, ಕಾರು ಓಡಿಸಲು ಬರುವುದಿಲ್ಲ. ಈಗ ಇದೊಂದು ಬಂದಿದೆ ಅಂದರೆ ಬೇಡ ಅನ್ನಲೇ?

ಒಂದು ಮಾತು ಮಾತ್ರ ಮನಸ್ಸಿನಲ್ಲಿ ಕೊರೆಯುತ್ತಿದೆ. ಹೋದ ತಿಂಗಳು ತಂಗಿ ಬಂದಾಗ ಕಾಫಿ ವಾಸನೆಗೆ ಮುಖ ತಿರುಗಿಸಿ ಕಿಟಕಿ ಹತ್ತಿರ ಹೋಗಿ ನಿಂತಿದ್ದಳು. ನೋಡಿದ್ದೆ. ನೋಡಿ ಮರೆತಿದ್ದೆ. ಅಥವಾ ಮರೆತಿರಲಿಲ್ಲವೋ?

ಬಿಡು. ಕನಸು ಕನಸೇ.

ಮಾರ್ಚ್ 14, ಶುಕ್ರವಾರ. ಬೆಳಿಗ್ಗೆ

ಇನ್ನೊಂದು. ಇದು ಚೆನ್ನಾಗಿಲ್ಲ.

ಹೊಳೆ. ಅಪ್ಪ ತಳದಲ್ಲಿ ನಡೆದು ಹೋಗುತ್ತಿದ್ದಾನೆ. ರಿಟೈರ್ ಆಗುವ ಮೊದಲು ಹಾಕುತ್ತಿದ್ದ ಬಸ್ ಕಂಡಕ್ಟರ್ ಯೂನಿಫಾರ್ಮ್, ಹೆಗಲಿಗೆ ಟಿಕೆಟ್ ಚೀಲ. ತಲೆಯ ಮೇಲೆ ಅಷ್ಟೆತ್ತರ ನೀರು. ನಾನು ದಡದಲ್ಲಿ ಕೂಗುತ್ತೇನೆ, ಗಂಟಲಿಂದ ದನಿಯೇ ಬರುತ್ತಿಲ್ಲ. ಅಪ್ಪ ಮಾತ್ರ ಮೀನುಗಳ ಮಧ್ಯೆ ಖುಷಿಯಾಗಿ "ಮುಂದೆ ಹೋಗಿ, ಮುಂದೆ ಹೋಗಿ" ಅನ್ನುತ್ತಿದ್ದಾನೆ. ಎದ್ದಾಗ ಎದೆಯ ಮೇಲೆ ಯಾರೋ ಕೂತ ಹಾಗಿತ್ತು.

ಅತ್ತೆಗೆ ಹೇಳುವುದಿಲ್ಲ.

ಮಾರ್ಚ್ 15, ಶನಿವಾರ

ಅಯ್ಯೋ! ಅಯ್ಯೋ! ಎರಡನೆಯದೂ ನಿಜ!

ಅಪ್ಪನ ಬಟ್ಟೆ ಒಗೆಯಲು ಚೀಲ ಕೊಡವಿದೆ. ಒಳಗಿಂದ ಒದ್ದೆ ಚಡ್ಡಿ. ನೀಲಿ, ಬಿಗಿಯಾದದ್ದು. ರಬ್ಬರ್ ಟೋಪಿ. ಗಾಗಲ್ಸ್. ಹಿಡಿದುಕೊಂಡು ಹಾಲಿಗೆ ಬಂದೆ. ಅಪ್ಪ ಪರೀಕ್ಷೆಯಲ್ಲಿ ಕಾಪಿ ಹೊಡೆದು ಸಿಕ್ಕಿಬಿದ್ದ ಹುಡುಗನ ಹಾಗೆ ಕೂತ.

"ವಾಕಿಂಗ್ ಅಂತಿದ್ದೆಯಲ್ಲ?"

"ವಾಕಿಂಗೇ. ನೀರಲ್ಲಿ."

"ಅರವತ್ತಾರು ವರ್ಷಕ್ಕೆ ಈಜು ಕಲೀತಿದ್ದೀಯಾ?"

"ಕಲೀತಾ ಇಲ್ಲ ಗುಬ್ಬಿ. ಕಲಿತಾಯ್ತು." ಎದೆ ಉಬ್ಬಿಸಿದ. "ಅಷ್ಟುದ್ದದ ಕೊಳ, ಆ ತುದಿಯಿಂದ ಈ ತುದಿಗೆ ನಿಲ್ಲಿಸದೆ ಹೋಗ್ತೀನಿ. ಎಕ್ಸ್‌ಪ್ರೆಸ್ ಸರ್ವೀಸ್!"

ಹೊಸ ವರ್ಷದಿಂದ ಹೋಗುತ್ತಿದ್ದಾನಂತೆ. ಅಲ್ಲಿ ವಯಸ್ಸಾದವರಿಗೆ ಅಂತಲೇ ಒಬ್ಬ ಟೀಚರ್ ಇದ್ದಾರೆ, ತುಂಬ ಸ್ಟ್ರಿಕ್ಟು, ಸೀಟಿ ಹೊಡೆದರೆ ಮುಳುಗಿದವನೂ ಎದ್ದು ಬರುತ್ತಾನೆ. ಇದನ್ನೆಲ್ಲ ಕೈ ಆಡಿಸಿ ಆಡಿಸಿ ಹೇಳಿದ. ಅಮ್ಮ ಹೋದ ಮೇಲೆ ಅಪ್ಪ ಇಷ್ಟು ಮಾತಾಡಿದ್ದು ನೆನಪಿಲ್ಲ.

ತಂಗಿಗೆ ಫೋನ್ ಮಾಡಿದೆ. ಅವಳು ಕಿರುಚಿದಳು. ಅತ್ತೆ ಎರಡು ಸಲ ಫೋನ್ ಮಾಡಿದರು. ನನಗೆ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ಒಂದಾದರೆ ಕಾಗೆ-ಕೊಂಬೆ. ಎರಡಾದರೆ?

ಸಂಜೆ

ಟವೆಲ್ ಒಣಹಾಕುವಾಗ ಮೂಸಿ ನೋಡಿದೆ. ಕೊಳದ ನೀರಿಗೆ ಹಾಕುವ ಔಷಧಿಯ ವಾಸನೆ. ಎರಡು ತಿಂಗಳಿಂದ ಇದೇ ಟವೆಲನ್ನು ಇದೇ ಕೈಯಲ್ಲಿ ಒಗೆಯುತ್ತಿದ್ದೇನೆ. ನನ್ನ ಮೂಗಿಗೆ ಗೊತ್ತಿತ್ತು. ಮೂಗು ನನಗೆ ಹೇಳದೆ ನೇರವಾಗಿ ಕನಸಿಗೆ ಹೇಳಿತೇ?

ಇದನ್ನೂ ಅತ್ತೆಗೆ ಹೇಳುವುದಿಲ್ಲ.

ಮಾರ್ಚ್ 23, ಭಾನುವಾರ

ನಾನೀಗ ದೊಡ್ಡ ಮನುಷ್ಯಳು. ತಂಗಿಯ ಗಂಡ, ಎಲೆಕ್ಟ್ರಿಷಿಯನ್, ಕರೆಂಟ್ ಬಿಟ್ಟು ಬೇರೇನನ್ನೂ ನಂಬದವನು, ಇವತ್ತು ಮೆಲ್ಲಗೆ ಬಂದು "ನನ್ನ ಬಗ್ಗೆ ಏನಾದ್ರೂ ಕಂಡ್ರಾ?" ಅಂದ. ಪಕ್ಕದ ಮನೆಯವರು ಕಳೆದುಹೋದ ಬೆಕ್ಕಿನ ಬಗ್ಗೆ ವಿಚಾರಿಸಿದರು. ಬೆಕ್ಕು ನನ್ನ ಇಲಾಖೆಗೆ ಬರುವುದಿಲ್ಲ, ಮನೆಯವರು ಮಾತ್ರ ಅಂದೆ.

ಮತ್ತೆ — ನಿನ್ನೆ ರಾತ್ರಿ ಎರಡು ತೊಟ್ಟಿಲು! ತಂಗಿ ಒಂದನ್ನು ತೂಗುತ್ತಿದ್ದಾಳೆ. ಇನ್ನೊಂದು ತಾನಾಗಿಯೇ ತೂಗುತ್ತಿದೆ. ನಾನು ಹತ್ತಿರ ಹೋಗುತ್ತೇನೆ, ಒಳಗಿಂದ ಒಂದು ಕೈ ಬಂದು ನನ್ನ ಬೆರಳು ಹಿಡಿಯುತ್ತದೆ. ಅಬ್ಬಾ, ಆ ಹಿಡಿತ! ಎದ್ದ ಮೇಲೂ ಬೆರಳಲ್ಲಿತ್ತು.

ಅವಳಿ! ಹೇಳಿಬಿಟ್ಟೆ. ಎಲ್ಲರಿಗೂ. ಅತ್ತೆ ಎರಡೆರಡು ಟೋಪಿ ಹೆಣೆಯಲು ಉಣ್ಣೆ ತಂದಾಗಿದೆ.

ಏಪ್ರಿಲ್ 2, ಬುಧವಾರ

ಸ್ಕ್ಯಾನ್. ಒಂದೇ ಮಗು.

ಏಪ್ರಿಲ್ 4, ಶುಕ್ರವಾರ

ಅತ್ತೆ ಇನ್ನೂ ಸೋಲು ಒಪ್ಪಿಲ್ಲ. "ಇನ್ನೊಂದು ಹಿಂದೆ ಬಚ್ಚಿಟ್ಟುಕೊಂಡಿರುತ್ತೆ." ತಂಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ. ವಿಚಿತ್ರ ಅಂದರೆ, ಅದು ತಪ್ಪಾಯಿತು ಅನ್ನುವುದನ್ನೇ ಎಲ್ಲರೂ ಮರೆತಿದ್ದಾರೆ. ನಿಜವಾದ ಎರಡನ್ನು ಮಾತ್ರ ಹೇಳಿಕೊಂಡು ತಿರುಗುತ್ತಾರೆ.

ನಾನು ಮರೆತಿಲ್ಲ. ಊಟದ ಹೊತ್ತಿಗೆ ಡಾಕ್ಟರಮ್ಮನಿಗೆ ಎಲ್ಲ ಹೇಳಿದೆ. ಅವರು ತಟ್ಟೆಯಿಂದ ತಲೆ ಎತ್ತದೆ ಕೇಳಿದರು — "ಆ ಎರಡನೇ ತೊಟ್ಟಿಲು ಕಂಡಾಗ ನಿನಗೆ ಹೇಗನ್ನಿಸ್ತು?"

"ಅದು ನಂದು ಅನ್ನಿಸ್ತು."

ಹೇಳಿದ ಮೇಲೆ ನನಗೇ ಕೇಳಿಸಿತು, ನಾನು ಏನು ಹೇಳಿದೆ ಅಂತ.

ಡಾಕ್ಟರಮ್ಮ ನನ್ನ ತಟ್ಟೆಗೆ ಇನ್ನಷ್ಟು ಅನ್ನ ಬಡಿಸಿದರು. ಆಮೇಲೆ — "ಹಸಿದ ಮನಸ್ಸು ಕನಸಲ್ಲಿ ಅಡುಗೆ ಮಾಡ್ಕೊಂಡು ತಿನ್ನುತ್ತೆ ಕಣೇ. ಅದು ತಪ್ಪಲ್ಲ. ನಾಳೆ ಅದೇ ಅಡುಗೆ ನಿಜವಾಗಿ ಟೇಬಲ್ ಮೇಲೆ ಇರುತ್ತೆ ಅಂತ ಊರಿಗೆಲ್ಲ ಡಂಗುರ ಹೊಡೀಬೇಡ, ಅಷ್ಟೇ."

ನನಗೆ ಮಗು ಬೇಕು ಅಂತಲ್ಲ. ನನ್ನದು ಅನ್ನುವಂಥದ್ದು ಏನಾದರೂ ಬೇಕು.

ಅದನ್ನು ಅವರಿಗೆ ಹೇಳಲಿಲ್ಲ. ಆದರೆ ಅವರು ಮನಸ್ಸು ಓದಿದವರ ಹಾಗೆ ಇನ್ನೊಂದು ವಿಷಯ ತೆಗೆದರು. ಅವರ ಗೆಳತಿಯೊಬ್ಬರು ಬಂದರಿನ ಪಟ್ಟಣದಲ್ಲಿ ದೊಡ್ಡ ಆಸ್ಪತ್ರೆಯ ಜತೆ ಹೊಸ ಲ್ಯಾಬ್ ತೆರೆಯುತ್ತಿದ್ದಾರೆ. ಬರೀ ಹಲ್ಲಲ್ಲ. ಅಪಘಾತದಲ್ಲಿ, ಕಾಯಿಲೆಯಲ್ಲಿ ಕಳೆದುಕೊಂಡವರಿಗೆ ಕಿವಿ, ಮೂಗು, ಕಣ್ಣು. ಚರ್ಮದ ಬಣ್ಣಕ್ಕೆ ಬಣ್ಣ ಸೇರಿಸಿ, ನರದ ಗೆರೆ ಸಮೇತ. ಒಂದು ವರ್ಷ ಕಲಿಸುತ್ತಾರೆ, ಆಮೇಲೆ ಕೆಲಸ. "ನಿನ್ನ ಕೈ ನೋಡಿದ್ದೀನಿ, ನಿನ್ನ ಹೆಸರು ಹೇಳ್ಲಾ?"

ಒಂದು ಕ್ಷಣ — ಒಂದೇ ಕ್ಷಣ — ನಾನು ಆಗಲೇ ಅಲ್ಲಿದ್ದೆ. ಕೈಯಲ್ಲಿ ಒಂದು ಕಿವಿ, ಎದುರಿಗೆ ಕನ್ನಡಿ ನೋಡಿಕೊಳ್ಳುತ್ತಿರುವ ಯಾರೋ.

"ಆಗಲ್ಲ ಡಾಕ್ಟರಮ್ಮ. ಅಪ್ಪನಿಗೆ ಯಾರಿದ್ದಾರೆ?"

"ಯೋಚನೆ ಮಾಡು. ತಿಂಗಳ ಕೊನೆವರೆಗೂ ಟೈಮಿದೆ."

ಏಪ್ರಿಲ್ 10, ಗುರುವಾರ

ಇವತ್ತಿನ ಕೆಲಸ ಮಜವಾಗಿದೆ. ಅಪ್ಪನ ಈಜುಕೊಳದ ಟೀಚರ್ ಅಂತೆ, ಮೆಟ್ಟಿಲ ಮೇಲೆ ಜಾರಿ ಮುಂದಿನ ಹಲ್ಲುಗಳು ಹೋಗಿವೆ. ಅಪ್ಪನೇ ನಮ್ಮ ಡಾಕ್ಟರಮ್ಮನ ಹತ್ತಿರ ಕಳಿಸಿದ್ದಂತೆ. ಎಲ್ಲರೂ "ಸಂದಿಲ್ಲದೆ ಮುತ್ತಿನ ಹಾಗೆ ಮಾಡಿ" ಅಂದರೆ ಇವರು "ಮಧ್ಯೆ ಸಂದು ಇರ್ಲೇಬೇಕು, ಮೊದಲಿತ್ತು, ಅದರಲ್ಲೇ ನಾನು ಸೀಟಿ ಹೊಡೆಯೋದು" ಅಂದಿದ್ದಾರೆ. ಹಳೆಯ ಫೋಟೋ ಒಂದು ಕೊಟ್ಟಿದ್ದಾರೆ, ಬಾಯಿ ಮಾತ್ರ ಕಾಣುವ ಹಾಗೆ ಕತ್ತರಿಸಿದ್ದು. ಜೋರಾಗಿ ನಗುತ್ತಿರುವ ಬಾಯಿ. ಸಂದು ಮೇಣದಲ್ಲಿ ಕೂರುತ್ತಿಲ್ಲ. ಮತ್ತೆ ಮತ್ತೆ ಜೋಡಿಸಿದೆ. ಚೆಂದದ ನಗು.

ಅಪ್ಪನಿಗೆ ಹೇಳಿದೆ. "ಹೌದಾ, ಚೆನ್ನಾಗಿ ಮಾಡು" ಅಂದು ಎದ್ದು ಹೋದ. ಈಗೀಗ ದಿನಾ ಶೇವ್ ಮಾಡುತ್ತಾನೆ.

ಏಪ್ರಿಲ್ 19, ಶನಿವಾರ. ಬೆಳಿಗ್ಗೆ

ಮದುವೆ.

ದೊಡ್ಡ ಹಾಲು, ದೀಪಗಳು, ಜನವೋ ಜನ. ಅಪ್ಪ ಹೊಸ ಅಂಗಿ ತೊಟ್ಟು ನಡುವೆ ನಿಂತಿದ್ದಾನೆ. ಪಕ್ಕದಲ್ಲಿ ಹೆಂಗಸು. ಮುಖ ಕಾಣುವುದಿಲ್ಲ, ನಗು ಮಾತ್ರ. ಹಲ್ಲಿನ ನಡುವೆ ಸಂದು. (ಲ್ಯಾಬಿನ ಕೆಲಸ ಕನಸಿಗೂ ಹಿಂಬಾಲಿಸಿದೆ.) ಎಲ್ಲರೂ ಊಟಕ್ಕೆ ಕೂರುತ್ತಿದ್ದಾರೆ. ನನಗೆ ನನ್ನ ಚಪ್ಪಲಿ ಸಿಗುತ್ತಿಲ್ಲ. ಸಾವಿರಾರು ಚಪ್ಪಲಿ, ನನ್ನದು ಇಲ್ಲ. ಬರಿಗಾಲಲ್ಲಿ ಹೊರಗೆ ಹೋಗಲಾಗುತ್ತಿಲ್ಲ, ಒಳಗೆ ಇರಲಾಗುತ್ತಿಲ್ಲ. ಯಾರೂ ನನ್ನನ್ನು ಕರೆಯುತ್ತಿಲ್ಲ. ಎದ್ದಾಗ ದಿಂಬು ಒದ್ದೆ.

ಬಾಯಿ ತಪ್ಪಿ ಅತ್ತೆಗೆ ಹೇಳಿದೆ. ಫೋನಿನಲ್ಲೇ ಮೊದಲು ದೇವರ ಹೆಸರು ಹೇಳಿದರು. ಆಮೇಲೆ —

"ಮದುವೆ ಕಂಡ್ಯಾ? ಅವನದೇ ಮದುವೇನಾ? ಅಯ್ಯೋ ಮಗಳೇ... ಕನಸಲ್ಲಿ ಮದುವೆ ಕಂಡ್ರೆ ಸಾವು ಕಣೇ."

ಏಪ್ರಿಲ್ 20, ಭಾನುವಾರ

ಅಪ್ಪ ಊಟದ ನಡುವೆ ಹೇಳಿದ — ಮುಂದಿನ ಭಾನುವಾರ ಊರಾಚೆಯ ಕೆರೆಯಲ್ಲಿ ಈಜು. ಈ ದಡದಿಂದ ಆ ದಡಕ್ಕೆ, ಅರವತ್ತು ದಾಟಿದವರು ಮಾತ್ರ. ಹೆಸರು ಕೊಟ್ಟಿದ್ದಾನೆ.

ನನ್ನ ಕೈಯಲ್ಲಿದ್ದ ಲೋಟ ಬಿತ್ತು.

ಏಪ್ರಿಲ್ 23, ಬುಧವಾರ

ಅಪ್ಪ ಕೆರೆಗೆ ಇಳಿಯದ ಹಾಗೆ ನಾವು ಮೂವರು ಸೇರಿ ಪ್ಲ್ಯಾನ್ ಮಾಡಿದ್ದೇವೆ. ನಾನು ಗಾಗಲ್ಸು, ಟೋಪಿ, ಚಡ್ಡಿ ಎಲ್ಲ ಲ್ಯಾಬಿಗೆ ತಂದು ಪ್ಲಾಸ್ಟರ್ ಡಬ್ಬದ ಹಿಂದೆ ಇಟ್ಟೆ. ತಂಗಿ "ನನಗೆ ಭಾನುವಾರ ನೀನೇ ಬೇಕಪ್ಪಾ" ಅಂತ ಅಳಬೇಕು. ಅತ್ತೆಗೆ ಎದೆನೋವು ಬರಬೇಕು. ಅಪ್ಪ ಮಹಡಿ ಮೆಟ್ಟಿಲು ಇಳಿದರೂ ನಾನು ಎದ್ದು ನಿಲ್ಲುತ್ತೇನೆ. ಅವನು ಏನೋ ಗುನುಗುತ್ತಾ ಇಳಿಯುತ್ತಾನೆ.

ಏಪ್ರಿಲ್ 25, ಶುಕ್ರವಾರ

ಎಲ್ಲ ತಲೆಕೆಳಗು. ನೆಟ್ಟಗೆ ಬರೆಯುತ್ತೇನೆ.

ಸಂಜೆ ಅತ್ತೆ ರಿಹರ್ಸಲ್ ಅನ್ನುವ ಹಾಗೆ ಎರಡು ದಿನ ಮೊದಲೇ ಎದೆನೋವು ಶುರು ಮಾಡಿದರು. ಸೋಫಾದ ಮೇಲೆ ಒರಗಿ, ಕಣ್ಣು ಮುಚ್ಚಿ, "ಭಾನುವಾರದ ಹೊತ್ತಿಗೆ ನಾನು ಇರ್ತೀನೋ ಇಲ್ವೋ..." ಅಪ್ಪ ನೋಡುತ್ತಾ ನಿಂತ.

"ಅಕ್ಕ, ಹೃದಯ ಎಡಗಡೆ ಇರುತ್ತೆ. ನೀನು ಬಲಗಡೆ ಹಿಡ್ಕೊಂಡಿದ್ದೀಯ."

ಅತ್ತೆ ಕೈ ಬದಲಾಯಿಸಿದರು. ತಂಗಿಗೆ ನಗು ತಡೆಯಲಾಗಲಿಲ್ಲ, ಅಡುಗೆಮನೆಗೆ ಓಡಿದಳು.

"ಗುಬ್ಬೀ, ನನ್ನ ಗಾಗಲ್ಸ್ ಎಲ್ಲಿ?"

ನಾನು ಸುಳ್ಳು ಹೇಳಬೇಕಿತ್ತು. ಅದರ ಬದಲು ಅಳು ಬಂತು. ಎಲ್ಲ ಹೇಳಿದೆ. ಹೊಳೆಯಲ್ಲಿ ನಡೆದದ್ದು, ಮದುವೆ, ಅತ್ತೆ ಹೇಳಿದ ಅರ್ಥ, ಕೆರೆ. ನೀನು ಸತ್ತುಹೋಗ್ತೀಯ ಅಂತ ಬಾಯಿಬಿಟ್ಟು ಹೇಳಿದೆ.

ಅಪ್ಪ ನಗುತ್ತಾನೆ ಅಂದುಕೊಂಡಿದ್ದೆ. ನಗಲಿಲ್ಲ. ಪಕ್ಕದಲ್ಲಿ ಕೂತ.

"ಆ ಮದುವೆ ಕನಸಲ್ಲಿ ನಿನಗೆ ಭಯ ಆಯ್ತಾ?"

"...ಇಲ್ಲ."

"ಮತ್ತೆ?"

"ಕೋಪ ಬಂತು."

"ಯಾರ ಮೇಲೆ?"

"ನಿನ್ನ ಮೇಲೆ. ಎಲ್ಲರಿಗೂ ಗೊತ್ತು, ನನಗೆ ಮಾತ್ರ ಯಾರೂ ಹೇಳಿಲ್ಲ. ಎಲ್ಲರೂ ಎಲ್ಲೋ ಹೊರಟಿದ್ದಾರೆ, ನನಗೆ ಚಪ್ಪಲೀನೂ ಇಲ್ಲ."

ಅಪ್ಪ ಟವೆಲಿನಿಂದ ನನ್ನ ಮುಖ ಒರೆಸಿದ. "ಹಾಗಾದ್ರೆ ನಿನ್ನ ಕನಸು ಸರಿಯಾಗೇ ಇದೆ" ಅಂದ. "ನಾನು ಸಾಯ್ತಿಲ್ಲ ಗುಬ್ಬಿ. ಮದುವೆ ಆಗಬೇಕು ಅಂತಿದ್ದೀನಿ."

ಅತ್ತೆಯ ಎದೆನೋವು ಅಲ್ಲಿಗೆ ನಿಂತುಹೋಯಿತು. "ಏನೋ ಅಂದೆ?" ಅಂತ ಎದ್ದು ಕೂತರು.

ಟೀಚರ್. ಆ ಸಂದಿನ ಹಲ್ಲಿನವರು. ಗಂಡ ತೀರಿಕೊಂಡು ಬಹಳ ಕಾಲ ಆಗಿದೆ, ಮಕ್ಕಳಿಲ್ಲ. ಅಪ್ಪ ಮೊದಲ ದಿನ ನೀರು ಕುಡಿದು ಕೆಮ್ಮುತ್ತಿದ್ದಾಗ ಅವರು ಬೈದಿದ್ದರಂತೆ — ಆಮೇಲೆ ಇಡೀ ಬೆಳಿಗ್ಗೆ ಜತೆಯಲ್ಲೇ ನೀರಲ್ಲಿ ನಿಂತಿದ್ದರಂತೆ.

ನನಗೆ ಆಗ ಎಲ್ಲ ಒಟ್ಟಿಗೆ ಬಂದು ಬಡಿಯಿತು. ಶೇವಿಂಗ್, ಗುನುಗು, "ಚೆನ್ನಾಗಿ ಮಾಡು" ಅಂದು ಎದ್ದು ಹೋದದ್ದು. ನಾನೇ ನೋಡಿದ್ದು, ನಾನೇ ಕೇಳಿದ್ದು. ಹಗಲು ಬೇಡ ಅಂತ ತಳ್ಳಿದ್ದನ್ನೆಲ್ಲ ರಾತ್ರಿ ಒಂದೆಡೆ ಜೋಡಿಸಿ ಇಟ್ಟಿತ್ತು.

"ಯಾಕೆ ಹೇಳ್ಲಿಲ್ಲ?"

"ನೀನು ನನಗೋಸ್ಕರ ಇಲ್ಲೇ ಕೂತಿದ್ದೀಯ ಅಂತ ಗೊತ್ತು. ಡಾಕ್ಟರಮ್ಮ ಆ ಕೆಲಸದ ವಿಷಯ ನನಗೂ ಹೇಳಿದ್ರು. ನೀನು ಹೋಗು ಅಂದ್ರೆ ಓಡಿಸ್ತಿದ್ದೀನಿ ಅಂತ ನಿನಗೆ ಅನ್ನಿಸಬಾರದಲ್ಲ, ಅದಕ್ಕೆ ನಾನೂ ಕೂತೆ. ಇಬ್ಬರೂ ಕೂತ್ರೆ ಬಸ್ ಹೊರಡೋದು ಯಾವಾಗ?"

ಒಳ್ಳೆಯ ಮಾತು. ಈಗ ಬರೆಯುವಾಗ ಗೊತ್ತಾಗುತ್ತದೆ. ಆಗ ಗೊತ್ತಾಗಲಿಲ್ಲ. ಎದ್ದು ಕೋಣೆಗೆ ಹೋಗಿ ಬಾಗಿಲು ಎಷ್ಟು ಜೋರಾಗಿ ಹಾಕಿದೆ ಅಂದರೆ ಗೋಡೆಯ ಮೇಲಿನ ಗಡಿಯಾರ ನಿಂತಿತು.

ಏಪ್ರಿಲ್ 26, ಶನಿವಾರ

ಬೆಳಿಗ್ಗೆ ಅಪ್ಪನ ಜತೆ ಮಾತಿಲ್ಲ. ನಾನೇ ಆಡಲಿಲ್ಲ.

ಮಧ್ಯಾಹ್ನ ಟೀಚರ್ ಹಲ್ಲು ಹಾಕಿಸಿಕೊಳ್ಳಲು ಬಂದರು. ಡಾಕ್ಟರಮ್ಮ ಬೇಕಂತಲೇ ನನ್ನನ್ನು ಕುರ್ಚಿಯ ಹತ್ತಿರ ಕರೆದರು. ಎತ್ತರದ ಹೆಂಗಸು, ಅಗಲ ಭುಜ, ಕತ್ತರಿಸಿದ ನರೆಗೂದಲು. ನನ್ನನ್ನು ನೋಡಿದ್ದೇ ಬಾಯಿಗೆ ಕೈ ಅಡ್ಡ ಹಿಡಿದರು. ಹಲ್ಲಿಲ್ಲದ ಬಾಯಿ ನನಗೆ ತೋರಿಸಲು ನಾಚಿಕೆ! ಇಷ್ಟು ವರ್ಷದಲ್ಲಿ ನಾನು ನೋಡದ ಬಾಯೇ? ಆ ನಾಚಿಕೆ ನೋಡಿ ನನ್ನ ಕೋಪಕ್ಕೆ ಕೂರಲು ಜಾಗ ಸಿಗಲಿಲ್ಲ.

ಕೂರಿಸಿದೆವು. ಒಂದು ಕಡೆ ಸ್ವಲ್ಪ ಎತ್ತರ. ಉಜ್ಜಿ ಸರಿ ಮಾಡಿದೆ. ಕನ್ನಡಿ ಕೊಟ್ಟೆ. ಅವರು ನೋಡಿಕೊಂಡರು, ನಾಲಿಗೆಯಿಂದ ಸಂದು ಮುಟ್ಟಿದರು. ಆಮೇಲೆ ಉಸಿರು ಎಳೆದು —

ಅಬ್ಬಬ್ಬಾ! ಆ ಸೀಟಿ! ರಸ್ತೆಯಲ್ಲಿ ಹೋಗುತ್ತಿದ್ದ ಆಟೋ ನಿಂತಿತು. ಡಾಕ್ಟರಮ್ಮ ಚಪ್ಪಾಳೆ ತಟ್ಟಿದರು. ನಾನು ನಗಬಾರದು ಅಂದುಕೊಂಡೇ ನಕ್ಕೆ.

ಹೋಗುವಾಗ ಬಾಗಿಲ ಹತ್ತಿರ ನಿಂತರು. "ನಿಮಗೆ ನನ್ನ ಮೇಲೆ ಸಿಟ್ಟಿದ್ರೆ ಇರ್ಲಿ. ನಾಳೆ ಮಾತ್ರ ಬನ್ನಿ. ಅವರು ಆಚೆ ದಡ ಮುಟ್ಟಿದಾಗ ಮೊದಲು ನಿಮ್ಮನ್ನೇ ಹುಡುಕ್ತಾರೆ."

"ಅಪ್ಪ ಮುಟ್ತಾನಾ?"

"ಉಸಿರು ಬಿಡೋದು ಕಲಿತಿದ್ದಾರೆ. ಹಿಡ್ಕೊಂಡವರೇ ಮುಳುಗೋದು."

ಪ್ಲಾಸ್ಟರ್ ಡಬ್ಬದ ಹಿಂದಿನಿಂದ ಗಾಗಲ್ಸು, ಟೋಪಿ, ಚಡ್ಡಿ ತೆಗೆದು ಮನೆಗೆ ತಂದು ಅಪ್ಪನ ಮಂಚದ ಮೇಲೆ ಇಟ್ಟೆ. ಗಾಗಲ್ಸಿನ ಮೇಲೆ ಪ್ಲಾಸ್ಟರಿನ ಬಿಳಿ ಪುಡಿ ಕೂತಿತ್ತು, ಒರೆಸಿಟ್ಟೆ.

ಏಪ್ರಿಲ್ 27, ಭಾನುವಾರ

ಗಂಟಲು ಕಟ್ಟಿದೆ. ಕೂಗಿ ಕೂಗಿ.

ಕೆರೆ ಕನಸಿನ ಹೊಳೆಗಿಂತ ದೊಡ್ಡದು! ಆಚೆ ದಡದ ಮರಗಳು ಹುಲ್ಲಿನಷ್ಟು ಕಾಣುತ್ತಿದ್ದವು. ಮುದುಕ ಮುದುಕಿಯರೆಲ್ಲ ಬಣ್ಣ ಬಣ್ಣದ ಟೋಪಿ ಹಾಕಿಕೊಂಡು ನಡುಗುತ್ತಾ ನಿಂತಿದ್ದರು. ಅಪ್ಪನದು ಹಳದಿ. ನೀರಿಗೆ ಇಳಿಯುವ ಮುನ್ನ ನನ್ನ ಕಡೆ ತಿರುಗಿ, ಬಸ್ಸಿನ ಬಾಗಿಲು ಬಡಿಯುವ ಹಾಗೆ ಗಾಳಿಯಲ್ಲಿ ಕೈ ಬಡಿದು "ರೈಟ್! ರೈಟ್!" ಅಂದ. ಹೊರಟೇಬಿಟ್ಟ.

ನಾವು ಕಾರಿನಲ್ಲಿ ಸುತ್ತಿ ಆಚೆ ದಡಕ್ಕೆ ಹೋದೆವು — ನಾನು, ತಂಗಿ, ಅವಳ ಗಂಡ, ಅತ್ತೆ. ಟೀಚರ್ ಈಜುವವರ ಜತೆ ದೋಣಿಯಲ್ಲಿ. ಆಗಾಗ ಸೀಟಿ ತೇಲಿ ಬರುತ್ತಿತ್ತು.

ಟೋಪಿಗಳು ಚುಕ್ಕೆ ಚುಕ್ಕೆಯಾಗಿ ಕಂಡವು. ಕೆಂಪು. ನೀಲಿ. ಹಸಿರು. ಹಳದಿ ಇಲ್ಲ.

"ಹಳದಿ ಎಲ್ಲಿ?" ತಂಗಿ ನನ್ನ ತೋಳು ಹಿಡಿದಳು. ಕಣ್ಣು ಕೀಲಿಸಿ ನೋಡಿದೆ. ಇಲ್ಲ. ಅತ್ತೆ ಈ ಸಲ ನಿಜವಾಗಿಯೇ ಎದೆ ಹಿಡಿದುಕೊಂಡರು, ಸರಿಯಾದ ಕಡೆ. ದನಿ ಹೊರಡುತ್ತದೋ ಇಲ್ಲವೋ ಅನ್ನಿಸಿತು — ಕನಸಿನ ಹಾಗೆ. ಬಾಯಿ ತೆರೆದೆ.

"ಅಪ್ಪಾ!"

ಹೊರಟಿತು! ಕೆರೆಯೆಲ್ಲ ಕೇಳುವ ಹಾಗೆ! ಮತ್ತೆ ಕೂಗಿದೆ. ದೋಣಿಯಿಂದ ಸೀಟಿ ಬಂತು, ಉದ್ದಕ್ಕೆ, ಹೆದರಿಕೆಯಿಲ್ಲದ ಸೀಟಿ. ಆಗ ಅತ್ತೆ ಬೆರಳು ಚಾಚಿ ಕಿರುಚಿದರು —

"ಅಲ್ಲಿ! ಅಲ್ಲಿ ಹೊಳೀತಿದೆ ನೋಡ್ರೇ! ಆ ಬೋಳು ನಮ್ಮನೇದೇ!"

ಟೋಪಿ ಕಳಚಿ ಹೋಗಿತ್ತು. ಬಿಸಿಲಿಗೆ ತಲೆ ಮಿರಮಿರ ಹೊಳೆಯುತ್ತಾ ಬರುತ್ತಿತ್ತು. ನಿಧಾನ. ಒಬ್ಬರನ್ನು ಬಿಟ್ಟರೆ ಎಲ್ಲರಿಗಿಂತ ಕೊನೆ. ನಾನು ಚಪ್ಪಲಿ, ಬಟ್ಟೆ ಯಾವುದನ್ನೂ ನೋಡದೆ ಸೊಂಟದವರೆಗೆ ನೀರಿಗೆ ಇಳಿದು ಕೈ ಕೊಟ್ಟೆ. ಅಪ್ಪ ಏದುಸಿರು ಬಿಡುತ್ತಾ, "ಎಕ್ಸ್‌ಪ್ರೆಸ್... ಸ್ವಲ್ಪ ಲೇಟು" ಅಂದ.

ದೋಣಿ ಬಂದು ತಾಗಿತು. ಟೀಚರ್ ಇಳಿದು ಸ್ವಲ್ಪ ದೂರದಲ್ಲೇ ನಿಂತರು, ಹತ್ತಿರ ಬರಲೋ ಬೇಡವೋ ಅನ್ನುವ ಹಾಗೆ. ನಾನೇ ಹೋಗಿ ಕೈ ಹಿಡಿದು ಕರೆತಂದೆ. ಅವರು ಅಪ್ಪನ ತಲೆಗೆ ಟವೆಲ್ ಸುತ್ತಿದರು.

ಏಪ್ರಿಲ್ 28, ಸೋಮವಾರ

ಆ ಹೊಸ ಲ್ಯಾಬಿನ ಕೆಲಸಕ್ಕೆ ಡಾಕ್ಟರಮ್ಮನಿಗೆ ಹೂಂ ಅಂದೆ. ಅವರು ಆಗಲೇ ನನ್ನ ಹೆಸರು ಕೊಟ್ಟಾಗಿತ್ತಂತೆ!

ಜೂನ್ 7, ಶನಿವಾರ

ರಿಜಿಸ್ಟ್ರಾರ್ ಆಫೀಸಿನಲ್ಲಿ ಮದುವೆ. ಹಾಲೂ ಇಲ್ಲ, ದೀಪಗಳೂ ಇಲ್ಲ. ಕಿರುಗುಟ್ಟುವ ಫ್ಯಾನು, ಆಕಳಿಸುವ ಗುಮಾಸ್ತ. ಸಾಕ್ಷಿಗೆ ನಾನು, ತಂಗಿಯ ಗಂಡ, ಮತ್ತೆ ಮದುಮಗನಿಗಿಂತ ಜಾಸ್ತಿ ಸಿಂಗರಿಸಿಕೊಂಡ ಅತ್ತೆ. ಅತ್ತೆ ಈಗ ಹೊಸ ಅರ್ಥ ಹೇಳುತ್ತಿದ್ದಾರೆ — "ಕನಸಲ್ಲಿ ಮದುವೆ ಕಂಡ್ರೆ ಮದುವೇನೇ, ನಾನು ಅವತ್ತೇ ಹೇಳಿರ್ಲಿಲ್ವಾ?"

ನಿಮ್ಮನ್ನು ಏನಂತ ಕರೆಯಬೇಕು ಅಂತ ಮದುಮಗಳನ್ನು ಕೇಳಿದೆ. "ಟೀಚರ್ ಅಂತಲೇ ಕರಿ. ಎಲ್ಲರೂ ಹಾಗೇ ಕರೆಯೋದು, ನಿಮ್ಮಪ್ಪನೂ" ಅಂದರು.

ಎರಡು ಸಲ ಬಗ್ಗಿ ಕಾಲು ನೋಡಿಕೊಂಡೆ. ಚಪ್ಪಲಿ ಇತ್ತು. ಹೊಸದು, ಪ್ರಯಾಣಕ್ಕೆ ಅಂತ ಅಪ್ಪ ಕೊಡಿಸಿದ್ದು.

ಸ್ವಲ್ಪ ಅಳುವೂ ಬಂತು. ಅಮ್ಮ ನೆನಪಾದಳು. ಆಗಲಿ.

ಸೆಪ್ಟೆಂಬರ್ 11, ಗುರುವಾರ. ಬೆಳಿಗ್ಗೆ

ರಜೆ ಹಾಕಿ ತಂಗಿಯ ಮನೆಗೆ ಬಂದಿದ್ದೇನೆ. ಮೂರು ತಿಂಗಳಾಯಿತು ಈ ಡೈರಿಯಲ್ಲಿ ಏನೂ ಬರೆಯದೆ. ಬಿಡುವೇ ಇಲ್ಲ. ಕಿವಿ ಎಷ್ಟು ಕಷ್ಟ! ಹಲ್ಲು ಅದರ ಮುಂದೆ ಮಕ್ಕಳಾಟ. ಮಡಿಕೆಯೊಳಗೆ ಮಡಿಕೆ, ಅಂಚಿಗೆ ತೆಳು ಕೆಂಪು. ಹೋದ ವಾರ ನನ್ನ ಕೈಯಾರೆ ಮಾಡಿದ ಮೊದಲನೆಯದನ್ನು ಒಬ್ಬ ಹೆಂಗಸಿಗೆ ಹಾಕಿದೆವು. ಅವಳು ಕೂದಲನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡು ನೋಡಿದಳು. ತೆಗೆದಳು, ಮತ್ತೆ ಸಿಕ್ಕಿಸಿಕೊಂಡಳು. ಎಷ್ಟು ಸಲ! ನಾನು ಸ್ಟೋರ್ ರೂಮಿಗೆ ಹೋಗಿ ಒಬ್ಬಳೇ ಕುಣಿದೆ.

ತಂಗಿಗೆ ಡಾಕ್ಟರ್ ಹೇಳಿದ ದಿನ ಇನ್ನೂ ಮುಂದಿನ ವಾರ. ಅತ್ತೆ ದಿನಾ ಬೆಳಿಗ್ಗೆ ಎದ್ದ ತಕ್ಷಣ ಫೋನು — "ಏನಾದ್ರೂ ಕಂಡ್ಯಾ? ಗಂಡೋ ಹೆಣ್ಣೋ?" ಇವತ್ತೂ ಬಂತು. ಏನೂ ಕಾಣಲಿಲ್ಲ ಅತ್ತೆ, ಸತ್ತ ಹೆಣದ ಹಾಗೆ ನಿದ್ದೆ ಮಾಡಿದೆ ಅಂದೆ. ಅವರಿಗೆ ಭಾರೀ ನಿರಾಸೆ.

ನನಗಿಲ್ಲ. ನಿಜವಾಗಿಯೂ ಗೊತ್ತಿಲ್ಲ, ಹೆಣ್ಣೋ ಗಂಡೋ, ಯಾರ ಮೂಗೋ, ಎಂಥ ಕಿವಿಯೋ. ಗೊತ್ತಿಲ್ಲದೆ ಹೀಗೆ ಕಾಯುವುದರಲ್ಲಿ ಇಷ್ಟು ಮಜವಿದೆ ಅಂತ ಯಾರೂ ಹೇಳಿರಲಿಲ್ಲ. ಕೈಯಲ್ಲಿ ಪೆನ್ನು ನಿಲ್ಲುತ್ತಿಲ್ಲ. ಏನೋ ಒಂದು —

ತಂಗಿ ಕೂಗಿದಳು. ಇದು ನೀರು ಕೇಳುವ ಕೂಗಲ್ಲ.

ಬಂದೆ ಕಣೇ, ಬಂ